ಜರ್ಮನಿಯಲ್ಲಿ ಮನೆಗೆ ಬ್ಯಾಟರಿ: ಆರು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತಾ?

ಪ್ರಶ್ನೆ: ಸರ್, ನಾವು ಸ್ಟುಟ್‌ಗಾರ್ಟ್ ಹತ್ತಿರ ಸ್ವಂತ ಮನೆಯಲ್ಲಿದ್ದೇವೆ. 2022ರ ಕೊನೆಯಲ್ಲಿ 9 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಬ್ಯಾಟರಿ ಆಗ ತುಂಬಾ ದುಬಾರಿ ಅಂತ ಬಿಟ್ಟೆವು. ವರ್ಷಕ್ಕೆ ಸುಮಾರು 4,500 ಯೂನಿಟ್ ಬಳಸುತ್ತೇವೆ, ಯೂನಿಟ್‌ಗೆ 36 ಸೆಂಟ್ ಕಟ್ಟುತ್ತೇವೆ. ಗ್ರಿಡ್‌ಗೆ ಕೊಟ್ಟ ಸೋಲಾರ್ ಕರೆಂಟಿಗೆ 8.2 ಸೆಂಟ್ ಬರುತ್ತದೆ. ಈಗ ಏಜೆಂಟ್ ಒಬ್ಬರು 15 ಯೂನಿಟ್ ಹಿಡಿಯುವ ಬ್ಯಾಟರಿಗೆ 9,500 ಯೂರೋ ಕೊಟೇಶನ್ ಕೊಟ್ಟಿದ್ದಾರೆ. ಆರು ವರ್ಷದಲ್ಲಿ ದುಡ್ಡು ವಾಪಸ್, ಕರೆಂಟ್ ಹೋದರೂ ಮನೆ ನಡೆಯುತ್ತೆ ಅನ್ನುತ್ತಾರೆ. ಅದರ ಜೊತೆಗೆ ಒಂದು ದೊಡ್ಡ ಬ್ಯಾಟರಿ ಯೋಜನೆಯಲ್ಲಿ 10,000 ಯೂರೋ ಹೂಡಿದರೆ ವರ್ಷಕ್ಕೆ ಶೇ. 8 ಬಡ್ಡಿಯಂತೆ. ಆದರೆ ಇಂಗ್ಲೆಂಡಿನಲ್ಲಿರುವ ನಮ್ಮ ಭಾವ ಬ್ಯಾಟರಿ ಷೇರು ತೆಗೆದುಕೊಂಡು ಕೈ ಸುಟ್ಟುಕೊಂಡಿದ್ದಾರೆ. ಇಟಲಿಯ ಸ್ನೇಹಿತನಿಗೆ ಬ್ಯಾಟರಿ ಹೆಚ್ಚುಕಮ್ಮಿ ಪುಕ್ಕಟೆ ಬಂತು. ಒಂದೇ ಯೂರೋಪ್, ಮೂರು ಕಥೆ. ಇದೆಲ್ಲ ಒಂದು ದಿನ ಒಡೆಯುವ ಗುಳ್ಳೆನಾ? ನಾವೇನು ಮಾಡೋದು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸುತ್ತಿಕೊಂಡಿವೆ: ಮನೆಯ ಬ್ಯಾಟರಿ, ಹೂಡಿಕೆಯ ಆಸೆ, ಭಾವನವರ ನಷ್ಟ. ಒಂದೊಂದೇ ಬಿಡಿಸೋಣ. ಮೊದಲು ಏಜೆಂಟ್ ಲೆಕ್ಕ, ಯಾಕಂದ್ರೆ ಅದು ಎರಡು ನಿಮಿಷದ ಕೆಲಸ.

ಆರು ವರ್ಷ ಎಲ್ಲಿಂದ ಬಂತು? 15 ಯೂನಿಟ್ ಬ್ಯಾಟರಿ, ವರ್ಷಕ್ಕೆ 300 ದಿನ ಪೂರ್ತಿ ತುಂಬಿ ಪೂರ್ತಿ ಖಾಲಿಯಾದರೆ 4,500 ಯೂನಿಟ್. ಅದನ್ನು 36 ಸೆಂಟಿನಿಂದ ಗುಣಿಸಿದರೆ 1,620 ಯೂರೋ. 9,500ನ್ನು ಅದರಿಂದ ಭಾಗಿಸಿದರೆ ಆರಕ್ಕೆ ಸ್ವಲ್ಪ ಕಮ್ಮಿ. ಲೆಕ್ಕ ಎಷ್ಟು ಚೆನ್ನಾಗಿ ಕೂತಿದೆ ನೋಡಿ! ಆದರೆ ನಿಮ್ಮ ಮನೆ ವರ್ಷವಿಡೀ ಬಳಸುವುದೇ 4,500 ಯೂನಿಟ್. ಅಂದರೆ ಮಧ್ಯಾಹ್ನ ಓಡುವ ಡಿಶ್‌ವಾಷರ್, ಬೆಳಿಗ್ಗೆಯ ಮಿಕ್ಸಿ, ಡಿಸೆಂಬರ್‌ನ ಕತ್ತಲೆಯಲ್ಲಿ ಉರಿಯುವ ದೀಪ, ಎಲ್ಲವೂ ಬ್ಯಾಟರಿಯಿಂದಲೇ ಬರಬೇಕು. ಅದು ಆಗದ ಮಾತು.

ಸರಿಯಾದ ಲೆಕ್ಕ ಹೀಗೆ. ಬ್ಯಾಟರಿಯಿಂದ ಒಂದು ಯೂನಿಟ್ ತೆಗೆಯಬೇಕಾದರೆ ಸುಮಾರು 1.1 ಯೂನಿಟ್ ತುಂಬಬೇಕು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ 1.1 ಯೂನಿಟ್ಟನ್ನು ಗ್ರಿಡ್‌ಗೆ ಕೊಟ್ಟಿದ್ದರೆ ನಿಮಗೆ 9 ಸೆಂಟ್ ಸಿಗುತ್ತಿತ್ತು. ಹಾಗಾಗಿ ಉಳಿಯುವುದು 36 ಅಲ್ಲ, 27 ಸೆಂಟ್. ನಿಮ್ಮಂಥ ಮನೆಯಲ್ಲಿ 15 ಯೂನಿಟ್ ಬ್ಯಾಟರಿಯ ಮೂಲಕ ವರ್ಷಕ್ಕೆ ಹೆಚ್ಚೆಂದರೆ 2,000 ಯೂನಿಟ್ ಹಾದುಹೋಗಬಹುದು. 540 ಯೂರೋ ಆಯಿತು. 9,500 ವಾಪಸ್ ಬರಲು ಹದಿನೇಳು ವರ್ಷ ಮೀರುತ್ತದೆ. ಗ್ಯಾರಂಟಿ ಸಾಮಾನ್ಯವಾಗಿ ಹತ್ತು ವರ್ಷ.

ಅದೇ 8 ಯೂನಿಟ್ ಬ್ಯಾಟರಿ ಹಾಕಿದರೆ? ನನ್ನ ಅಂದಾಜಿನಲ್ಲಿ 1,700 ಯೂನಿಟ್ ಹಾದುಹೋಗುತ್ತದೆ. ಅರ್ಧ ಗಾತ್ರ, ಆದರೆ ಕೆಲಸ ಮುಕ್ಕಾಲಿಗಿಂತ ಜಾಸ್ತಿ. ಕಾರಣ ಸರಳ. ನಿಮ್ಮ ಮನೆ ಸಂಜೆಯಿಂದ ಬೆಳಗಿನವರೆಗೆ ಆರೇಳು ಯೂನಿಟ್ ಬಳಸುತ್ತದೆ, ಅಷ್ಟೆ. ಬೇಸಿಗೆಯಲ್ಲಿ ದೊಡ್ಡ ಬ್ಯಾಟರಿ ಅರ್ಧ ತುಂಬಿಕೊಂಡೇ ಬೆಳಗಾಗುತ್ತದೆ. ಚಳಿಗಾಲದಲ್ಲಿ ತುಂಬುವುದೇ ಇಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ವಿದ್ಯುತ್ ಸಂಗ್ರಹಣೆಯ ಕೆಲಸವನ್ನೇ ಮಾಡುವ ನಾನು 2020ರಲ್ಲಿ ನನ್ನ ಮನೆಗೆ ದೊಡ್ಡದನ್ನೇ ತಂದಿಟ್ಟುಕೊಂಡೆ. ಕೆಲ್ಲರ್‌ನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ, ವಾಷಿಂಗ್ ಮಷೀನಿಗೂ ಸೋನಾ ಮಸೂರಿ ಚೀಲಗಳಿಗೂ ನಡುವೆ ನಿಂತಿದೆ. ಮೊದಲ ಡಿಸೆಂಬರಿನಲ್ಲಿ ಹನ್ನೊಂದು ದಿನ ಸತತ ಮೊಬೈಲ್ ಆ್ಯಪ್ ಶೇ. 5 ಅಂತಲೇ ತೋರಿಸಿತು. ಕೆಟ್ಟಿದೆಯೇನೋ ಅಂತ ಇಳಿದು ಹೋಗಿ ನೋಡಿದರೆ ಹಸಿರು ದೀಪ ಉರಿಯುತ್ತಾ ಇತ್ತು. ಅದು ಚೆನ್ನಾಗಿಯೇ ಇತ್ತು. ಬಿಸಿಲೇ ಇರಲಿಲ್ಲ.

ಕೊಟೇಶನ್ ಓದುವಾಗ ಕಿಲೋವ್ಯಾಟ್, ಕಿಲೋವ್ಯಾಟ್ ಅವರ್ ಎರಡೂ ಕಾಣುತ್ತವೆ, ಗೊಂದಲ ಬೇಡ. ಬೆಂಗಳೂರಿನ ಸಂಪ್ ನೆನಪಿಸಿಕೊಳ್ಳಿ. ಸಂಪ್ ಎಷ್ಟು ನೀರು ಹಿಡಿಯುತ್ತದೆ ಅನ್ನುವುದು ಒಂದು ಮಾತು, ಅದು ಕಿಲೋವ್ಯಾಟ್ ಅವರ್, ನಮ್ಮ ಯೂನಿಟ್. ಮೋಟಾರ್ ಎಷ್ಟು ಜೋರಾಗಿ ಎತ್ತುತ್ತದೆ ಅನ್ನುವುದು ಇನ್ನೊಂದು, ಅದು ಕಿಲೋವ್ಯಾಟ್. ಮುಂದೆ ದೇಶಗಳ ಲೆಕ್ಕ ಬಂದಾಗಲೂ ಇದೇ ಉಪಯೋಗಕ್ಕೆ ಬರುತ್ತದೆ: ಸಾವಿರ ಕಿಲೋವ್ಯಾಟ್ ಸೇರಿದರೆ ಮೆಗಾವ್ಯಾಟ್, ಸಾವಿರ ಮೆಗಾವ್ಯಾಟ್ ಸೇರಿದರೆ ಗಿಗಾವ್ಯಾಟ್.

ಇನ್ನು "ಕರೆಂಟ್ ಹೋದರೂ ಮನೆ ನಡೆಯುತ್ತೆ" ಅನ್ನುವ ಮಾತು. ನಾವೆಲ್ಲ ಯುಪಿಎಸ್ ನೋಡಿ ಬೆಳೆದವರು. ಬ್ಯಾಟರಿ ಅಂದರೆ ಲೋಡ್ ಶೆಡ್ಡಿಂಗ್‌ನಲ್ಲಿ ಫ್ಯಾನ್ ತಿರುಗಿಸುವ ಪೆಟ್ಟಿಗೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿನ ಮನೆ ಬ್ಯಾಟರಿ ಹಾಗಲ್ಲ. ಗ್ರಿಡ್ ಹೋದ ತಕ್ಷಣ, ಸೋಲಾರ್ ಕರೆಂಟನ್ನು ಮನೆಗೆ ಹೊಂದುವಂತೆ ಮಾಡುವ ಮಾಮೂಲಿ ಇನ್ವರ್ಟರ್ ತಾನೂ ನಿಂತುಬಿಡುತ್ತದೆ. ಅದು ಸುರಕ್ಷತೆಯ ನಿಯಮ, ಬೀದಿಯಲ್ಲಿ ತಂತಿ ರಿಪೇರಿ ಮಾಡುವವರಿಗೆ ಷಾಕ್ ಹೊಡೆಯಬಾರದಲ್ವಾ. 2025ರ ಏಪ್ರಿಲ್ 28ರ ಮಧ್ಯಾಹ್ನ 12:33ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದವಲ್ಲ, ಆಗ ಸುಡುಬಿಸಿಲಲ್ಲಿ ಸೋಲಾರ್ ಚಾವಣಿಯ ಕೆಳಗೆ ಕೂತು ಫ್ರಿಜ್ ಕರಗುವುದನ್ನು ನೋಡಿದವರು ಬಹಳ ಜನ. ಬ್ಯಾಕಪ್ ಬೇಕಾದರೆ ಮನೆಯನ್ನು ಗ್ರಿಡ್‌ನಿಂದ ಕಡಿದು ಬೇರೆ ಮಾಡುವ ಸ್ವಿಚ್ ಬೇಕು, ಅದಕ್ಕೆ ಬೇರೆ ದುಡ್ಡು. ಜರ್ಮನಿಯಲ್ಲಿ ಎರಡು ಮಾತು ಕೇಳುತ್ತೀರಿ. 'ನೋಟ್‌ಶ್ಟ್ರೋಮ್' ಅಂದರೆ ಸಾಮಾನ್ಯವಾಗಿ ಒಂದು ಪ್ಲಗ್ ಪಾಯಿಂಟ್ ಮಾತ್ರ. 'ಎರ್ಸಾಟ್ಸ್‌ಶ್ಟ್ರೋಮ್' ಅಂದರೆ ಮನೆಯ ಸರ್ಕ್ಯೂಟ್‌ಗಳಿಗೇ ಸರಬರಾಜು. ಏಜೆಂಟ್ ಯಾವುದನ್ನು ಹೇಳಿದರು ಅಂತ ಕೇಳಿ. ಜರ್ಮನಿಯಲ್ಲಿ ಒಬ್ಬ ಗ್ರಾಹಕನಿಗೆ ವರ್ಷಕ್ಕೆ ಸರಾಸರಿ ಹನ್ನೆರಡು ನಿಮಿಷದ ಆಸುಪಾಸು ಕರೆಂಟ್ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಈಗ ಭಾವನವರ ಕಥೆಗೆ ಬರೋಣ. ಇದರಲ್ಲೇ ಇಡೀ ವಿಷಯದ ಬೇರು ಇದೆ.

ಯೂರೋಪಿನಲ್ಲಿ ಕರೆಂಟಿನ ಸಗಟು ವ್ಯಾಪಾರ ದೇಶದೇಶಕ್ಕೆ ಹೆಣೆದುಕೊಂಡಿದೆ, ನಿಜ. ಆದರೆ 'ಯೂರೋಪಿನ ಬ್ಯಾಟರಿ ಮಾರುಕಟ್ಟೆ' ಅಂತ ಒಂದಿಲ್ಲ. ಗ್ರಿಡ್ ಶುಲ್ಕ ಯಾರು ಕಟ್ಟಬೇಕು, ಸಬ್ಸಿಡಿ ಇದೆಯಾ, ತುರ್ತು ಸೇವೆಗೆ ಎಷ್ಟು ಕೊಡುತ್ತಾರೆ, ಲೈನಿಗೆ ಜೋಡಿಸಲು ಎಷ್ಟು ವರ್ಷ ಕಾಯಬೇಕು, ಇದನ್ನೆಲ್ಲ ಆಯಾ ದೇಶ ತೀರ್ಮಾನಿಸುತ್ತದೆ. ಬ್ಯಾಟರಿ ಕರೆಂಟ್ ತಯಾರು ಮಾಡುವುದಿಲ್ಲ. ಅದು ಮಾರುವುದು ಎರಡು ಹೊತ್ತಿನ ನಡುವಿನ ವ್ಯತ್ಯಾಸವನ್ನು. ಆ ವ್ಯತ್ಯಾಸಕ್ಕೆ ದುಡ್ಡು ಕೊಡುವವರು ಯಾರು ಅನ್ನುವುದು ಗಡಿ ದಾಟಿದರೆ ಬದಲಾಗುತ್ತದೆ.

ಬ್ರಿಟನ್ ದ್ವೀಪ. ಅಲ್ಲಿನ ಗ್ರಿಡ್ 50 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಸಲ, ಮಿಡಿಯಬೇಕು, ಬೇಡಿಕೆ ಮತ್ತು ಪೂರೈಕೆ ಸರಿದೂಗದಿದ್ದರೆ ಆ ಮಿಡಿತ ತಪ್ಪುತ್ತದೆ. ಅಕ್ಕಪಕ್ಕದಲ್ಲಿ ಹೆಗಲು ಕೊಡುವ ದೊಡ್ಡ ಗ್ರಿಡ್ ಇಲ್ಲದವರಿಗೆ ಇದು ದೊಡ್ಡ ತಲೆನೋವು. (ಪಶ್ಚಿಮ ಬರ್ಲಿನ್ ಕೂಡ ಹೀಗೇ ಒಂದು ದ್ವೀಪವಾಗಿತ್ತು. ಸುತ್ತ ಗೋಡೆ, ಹೊರಗಿನ ಗ್ರಿಡ್‌ಗೆ ಸಂಪರ್ಕ ಇಲ್ಲ. 1986ರಲ್ಲೇ ಅಲ್ಲಿ 17 ಮೆಗಾವ್ಯಾಟ್‌ನ ಲೆಡ್ ಆ್ಯಸಿಡ್ ಬ್ಯಾಟರಿ ಕೂರಿಸಿದ್ದರು. ಇದೆಲ್ಲ ಹೊಸ ವಿದ್ಯೆ ಅಂದುಕೊಂಡವರಿಗೆ ನಾನು ಈ ಕಥೆ ಹೇಳುವುದುಂಟು.) 2019ರ ಆಗಸ್ಟ್ 9ರ ಶುಕ್ರವಾರ ಸಂಜೆ ಸಿಡಿಲು ಹೊಡೆದು, ಒಂದು ಗ್ಯಾಸ್ ಸ್ಥಾವರವೂ ಸಮುದ್ರದ ನಡುವಿನ ಹಾರ್ನ್‌ಸೀ ಗಾಳಿ ವಿದ್ಯುತ್ ಕ್ಷೇತ್ರವೂ ಒಟ್ಟೊಟ್ಟಿಗೆ ಕೈಕೊಟ್ಟವು. ಫ್ರೀಕ್ವೆನ್ಸಿ, ಅಂದರೆ ಆ ಮಿಡಿತ, 48.8ಕ್ಕೆ ಕುಸಿಯಿತು, ಹತ್ತು ಲಕ್ಷಕ್ಕೂ ಜಾಸ್ತಿ ಗ್ರಾಹಕರ ಕರೆಂಟ್ ಹೋಯಿತು. 2020ರ ಅಕ್ಟೋಬರ್‌ನಲ್ಲಿ 'ಡೈನಾಮಿಕ್ ಕಂಟೇನ್‌ಮೆಂಟ್' ಅನ್ನುವ ಸೇವೆ ಶುರುವಾಯಿತು. ಬ್ಯಾಟರಿ ಸುಮ್ನೆ ಸಿದ್ಧವಾಗಿ ನಿಂತಿರಬೇಕು. ಮಿಡಿತ ತಪ್ಪಿದರೆ ಒಂದು ಸೆಕೆಂಡಿನೊಳಗೆ ಕರೆಂಟ್ ಸುರಿಯಬೇಕು. ಅದಕ್ಕೆ ಒಂದು ಮೆಗಾವ್ಯಾಟ್‌ಗೆ ಗಂಟೆಗೆ 17 ಪೌಂಡ್.

ನಾನು ಆಗ ಇಂಗ್ಲೆಂಡಿನ ಬ್ಯಾಟರಿಗಳನ್ನು ನಡೆಸುವ ಡೆಸ್ಕಿನಲ್ಲಿದ್ದೆ. ಪರದೆಯ ಮೇಲೆ ಫ್ರೀಕ್ವೆನ್ಸಿ 49.97, 50.02 ಅಂತ ಆಡುತ್ತಿತ್ತು. ನಮ್ಮ 50 ಮೆಗಾವ್ಯಾಟ್ ಬ್ಯಾಟರಿ ಹೆಚ್ಚೇನೂ ಮಾಡದೆ ದಿನಕ್ಕೆ 20,400 ಪೌಂಡ್ ಸಂಪಾದಿಸುತ್ತಿತ್ತು. ಚಹಾ ಕುಡಿಯುತ್ತಾ ಕೂತಿದ್ದೆವು ಅಂದರೂ ತಪ್ಪಿಲ್ಲ. ಇದನ್ನು ನೋಡಿ ಎಲ್ಲರೂ ಬ್ಯಾಟರಿ ಕಟ್ಟಿದರು. ಲಂಡನ್ ಷೇರುಪೇಟೆಯ ಬ್ಯಾಟರಿ ನಿಧಿಗಳಿಗೆ ದುಡ್ಡು ಹರಿದುಬಂತು. ಆದರೆ ಆ ಸೇವೆ ಗ್ರಿಡ್‌ಗೆ ಬೇಕಾದದ್ದು ಒಂದು ಮಿತಿಯಷ್ಟೇ.

ಕೋಲಾರದ ಟೊಮೆಟೊ ಗೊತ್ತಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೆಲವೇ ವಾರಗಳಲ್ಲಿ ರೇಟು ನೆಲಕಚ್ಚಿತು. ಬ್ರಿಟನ್ನಿನಲ್ಲಿಯೂ ಅದೇ. ಬೇಕಾದದ್ದಕ್ಕಿಂತ ಜಾಸ್ತಿ ಬ್ಯಾಟರಿಗಳು ಸಾಲುಗಟ್ಟಿದ ಮೇಲೆ 2023ರ ಹೊತ್ತಿಗೆ ಆ 17 ಪೌಂಡ್ ಮೂರು ನಾಲ್ಕು ಪೌಂಡಿಗೂ ಇಳಿದದ್ದುಂಟು. ಷೇರುಗಳು ಬಿದ್ದವು. ಭಾವನವರ ದುಡ್ಡು ಹೋದದ್ದು ಬ್ಯಾಟರಿ ಕೆಟ್ಟು ಅಲ್ಲ. ಬ್ಯಾಟರಿಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದವು, ಅದಕ್ಕೇ ಆ ಕೆಲಸ ಅಗ್ಗವಾಯಿತು. ಗ್ರಿಡ್‌ಗೆ ಲಾಭ, ಹೂಡಿದವರಿಗೆ ನಷ್ಟ. ಸ್ವೀಡನ್ನಿನಲ್ಲಿಯೂ ಇಂಥದ್ದೇ ಒಂದು ಸೇವೆಯ ಆಸೆಗೆ ಮನೆಮನೆಗೆ ಬ್ಯಾಟರಿ ಹಾಕಿಸಿಕೊಂಡವರು 2024ರಲ್ಲಿ ದರ ಕುಸಿದದ್ದನ್ನು ಕಂಡರು.

ಇಟಲಿಯ ಸ್ನೇಹಿತರದ್ದು ಪೂರ್ತಿ ಬೇರೆ. ಅಲ್ಲಿ 2020ರಲ್ಲಿ 'ಸೂಪರ್‌ಬೋನಸ್' ಅಂತ ತಂದರು. ಮನೆಯ ಇಂಧನ ಸುಧಾರಣೆಗೆ 100 ಯೂರೋ ಖರ್ಚು ಮಾಡಿದರೆ ತೆರಿಗೆಯಲ್ಲಿ 110 ಯೂರೋ ವಾಪಸ್. ಯಾರು ಬಿಡುತ್ತಾರೆ? ಖಜಾನೆಗೆ ಹೊರೆ ತಾಳಲಾಗದೆ ಸರ್ಕಾರ ಅದನ್ನು ಇಳಿಸಿತು, ಮನೆ ಬ್ಯಾಟರಿಗಳ ಭರಾಟೆಯೂ ಇಳಿಯಿತು. ಈಗ ಅಲ್ಲಿ ದೊಡ್ಡ ಬ್ಯಾಟರಿಗಳ ಕಾಲ. ಗ್ರಿಡ್ ನಡೆಸುವ ಟೆರ್ನಾ ಸಂಸ್ಥೆ 2025ರ ಸೆಪ್ಟೆಂಬರ್ 30ರಂದು 'ಮಾಕ್ಸೆ' ಅನ್ನುವ ಹರಾಜು ನಡೆಸಿತು. 10 ಗಿಗಾವ್ಯಾಟ್ ಅವರ್ ಸಂಗ್ರಹಣೆ, 15 ವರ್ಷದ ಕರಾರು. ಒಂದು ಮೆಗಾವ್ಯಾಟ್ ಅವರ್‌ಗೆ ವರ್ಷಕ್ಕೆ 37,000 ಯೂರೋ ತನಕ ಕೊಡಲು ತಯಾರಿದ್ದರು. ಸರಾಸರಿ ಬೆಲೆ ನಿಂತದ್ದು 13,000ದ ಹತ್ತಿರ! ಇಲ್ಲಿ ಮಾಲೀಕನಿಗೆ ಮಾರುಕಟ್ಟೆಯ ಏರಿಳಿತದ ಚಿಂತೆ ಕಮ್ಮಿ, ಬಾಡಿಗೆ ಮನೆ ಕಟ್ಟಿಕೊಟ್ಟಂತೆ. ಆದರೆ ಅಷ್ಟು ಕಮ್ಮಿಗೆ ಒಪ್ಪಿಕೊಂಡವರು ಕೊನೆಗೆ ಕಟ್ಟಿ ಮುಗಿಸುತ್ತಾರಾ ಅನ್ನುವ ಅನುಮಾನ ನನ್ನಂಥವರಿಗೆ ಇದ್ದೇ ಇದೆ.

ನೆದರ್‌ಲೆಂಡ್ಸ್‌ನದ್ದು ತಮಾಷೆ. ಅಲ್ಲಿ ಮನೆಗಳ ಮೇಲೆ ಎಲ್ಲಿ ನೋಡಿದರೂ ಸೋಲಾರ್. ಮನೆ ಬ್ಯಾಟರಿ ಮಾತ್ರ ಬಹಳ ಕಾಲ ಅಪರೂಪ. ಯಾಕಂದ್ರೆ ಬೇಸಿಗೆಯಲ್ಲಿ ಕೊಟ್ಟ ಯೂನಿಟ್ಟನ್ನು ಚಳಿಗಾಲದ ಯೂನಿಟ್‌ಗೆ ಸರಿಸಮ ಕಳೆಯುತ್ತಿದ್ದರು. ಗ್ರಿಡ್ಡೇ ಪುಕ್ಕಟೆ ಬ್ಯಾಟರಿ ಆಗಿರುವಾಗ ದುಡ್ಡು ಕೊಟ್ಟು ಇನ್ನೊಂದು ಯಾಕೆ? ಆ ಪದ್ಧತಿ 2027ರ ಜನವರಿ 1ಕ್ಕೆ ಮುಗಿಯುವಂತೆ ಕಾನೂನು ಮಾಡಿದ್ದಾರೆ.

ಇನ್ನು ನೀವಿರುವ ಜರ್ಮನಿ. ಇಲ್ಲಿ ಬೆಳೆದದ್ದು ಮುಖ್ಯವಾಗಿ ಕೆಲ್ಲರ್‌ಗಳಲ್ಲಿ. 2024ರ ಕೊನೆಗೆ ಸುಮಾರು 18 ಲಕ್ಷ ಬ್ಯಾಟರಿಗಳು, ಹೆಚ್ಚಿನವು ಮನೆಗಳವು. ಎಲ್ಲ ಸೇರಿ 19 ಗಿಗಾವ್ಯಾಟ್ ಅವರ್ ಹಿಡಿಯುತ್ತಿದ್ದವು. ಕೇಳಲು ದೊಡ್ಡ ಸಂಖ್ಯೆ. ಜರ್ಮನಿ ಒಂದು ದಿನಕ್ಕೆ ಬಳಸುವುದು ಸುಮಾರು 1,300. ಪೂರ್ತಿ ತುಂಬಿದ್ದರೂ ದೇಶಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷದ ಸರಕು. ಹಾಗಾಗಿ ಬ್ಯಾಟರಿಯಿಂದ ಚಳಿಗಾಲ ಗೆಲ್ಲುತ್ತೇವೆ ಅನ್ನುವುದು ಕಟ್ಟುಕಥೆ. ಅದು ಮಧ್ಯಾಹ್ನವನ್ನು ಸಂಜೆಗೆ ಸಾಗಿಸುತ್ತದೆ. ಜೂನನ್ನು ಡಿಸೆಂಬರಿಗೆ ಸಾಗಿಸಲು ಅದರಿಂದ ಆಗದು.

ಆದರೆ ಮಧ್ಯಾಹ್ನ ಮತ್ತು ಸಂಜೆಯ ನಡುವಿನ ಕಂದರವೇ ಇಲ್ಲಿ ದೊಡ್ಡದು. 2023ರ ಜುಲೈ 2ರ ಭಾನುವಾರ ಮಧ್ಯಾಹ್ನ ಸಗಟು ಬೆಲೆ ಮೆಗಾವ್ಯಾಟ್ ಅವರ್‌ಗೆ ಮೈನಸ್ 500 ಯೂರೋ ಮುಟ್ಟಿತು. ಅಂದರೆ ಕರೆಂಟ್ ತೆಗೆದುಕೊಂಡು ಹೋಗಿ, ಮೇಲೆ ದುಡ್ಡೂ ಕೊಡುತ್ತೇವೆ ಅಂತ. 2024ರಲ್ಲಿ ಹೀಗೆ ಬೆಲೆ ಸೊನ್ನೆಗಿಂತ ಕೆಳಗಿದ್ದದ್ದು 457 ಗಂಟೆ. ಅದೇ ವರ್ಷ ಡಿಸೆಂಬರ್ 12ರ ಸಂಜೆ, ಗಾಳಿಯೂ ಇಲ್ಲದೆ ಬಿಸಿಲೂ ಇಲ್ಲದೆ ಬೆಲೆ 936 ಯೂರೋಗೆ ಹಾರಿತು. ಇಂಥ ಏರಿಳಿತ ಕಂಡರೆ ಬ್ಯಾಟರಿ ಕಂಪನಿಗಳ ಬಾಯಲ್ಲಿ ನೀರೂರದೆ ಇರುತ್ತಾ? 2024ರ ಕೊನೆಗೆ ಹೈವೋಲ್ಟೇಜ್ ಗ್ರಿಡ್ ನಡೆಸುವ ನಾಲ್ಕು ಸಂಸ್ಥೆಗಳ ಮುಂದೆ 650 ಅರ್ಜಿಗಳಿದ್ದವು, ಒಟ್ಟು 226 ಗಿಗಾವ್ಯಾಟ್. ಇಡೀ ಜರ್ಮನಿಯ ಗರಿಷ್ಠ ಬೇಡಿಕೆಯೇ 80ರ ಆಸುಪಾಸು. ಆಗ ನಿಜವಾಗಿ ಓಡುತ್ತಿದ್ದ ದೊಡ್ಡ ಬ್ಯಾಟರಿಗಳು ಸುಮಾರು 2 ಗಿಗಾವ್ಯಾಟ್.

ಆಗ ಅರ್ಜಿ ಹಾಕುವುದು ಅಗ್ಗವಾಗಿತ್ತು, ಮೊದಲು ಬಂದವರಿಗೆ ಮೊದಲ ಜಾಗ ಸಿಗುತ್ತಿತ್ತು. ಒಂದೇ ಯೋಜನೆಗೆ ನಾಲ್ಕು ಕಡೆ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದರು, ನಮ್ಮ ಕೆಂಪು ಬಸ್ಸಿನ ಹಾಗೆ. 2029ರ ಆಗಸ್ಟ್ 4ರೊಳಗೆ ಚಾಲೂ ಆದ ಬ್ಯಾಟರಿಗೆ 20 ವರ್ಷ ಗ್ರಿಡ್ ಶುಲ್ಕ ಇಲ್ಲ ಅನ್ನುವ ಕಾನೂನೂ ಅವಸರಕ್ಕೆ ಕಾರಣ. ಗುಳ್ಳೆನಾ ಅಂತ ಕೇಳಿದಿರಿ. ಅರ್ಜಿಗಳ ರಾಶಿ ಗುಳ್ಳೆಯೇ. ಬ್ಯಾಟರಿಯ ಅಗತ್ಯ ಗುಳ್ಳೆಯಲ್ಲ.

ಹಾಗಾಗಿ ನಿಮ್ಮ 10,000 ಯೂರೋ ವಿಷಯದಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕಾಗದದಲ್ಲಿ 'ನಾಖ್‌ರಾಂಗ್' ಅನ್ನುವ ಪದ ಇದೆಯಾ ನೋಡಿ. ಇದ್ದರೆ, ಕಂಪನಿ ಮುಳುಗಿದಾಗ ಬ್ಯಾಂಕು, ಗುತ್ತಿಗೆದಾರ, ಎಲ್ಲರದ್ದೂ ಆದ ಮೇಲೆ ಕೊನೆಗೆ ನಿಮ್ಮ ಸರದಿ. ಆ ಜಾಗಕ್ಕೆ ಶೇ. 8 ಕಮ್ಮಿಯೇ. ಗ್ರಿಡ್ ಸಂಪರ್ಕ ಮಂಜೂರಾಗಿದೆಯೋ, ಬರೀ ಅರ್ಜಿ ಹಾಕಿದ್ದಾರೋ ಕೇಳಿ. ಸಂಪರ್ಕಕ್ಕೆ ಬ್ಯಾಟರಿಯವರಿಂದಲೂ ಗ್ರಿಡ್ ಕಟ್ಟುವ ವೆಚ್ಚದ ಪಾಲು ವಸೂಲಿ ಮಾಡಬಹುದು ಅಂತ 2025ರ ಜುಲೈನಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆ ಖರ್ಚು ಲೆಕ್ಕದಲ್ಲಿದೆಯಾ? ಆದಾಯ ಕರಾರಿನಿಂದ ಬರುತ್ತದೋ, ಮಾರುಕಟ್ಟೆಯ ಏರಿಳಿತದಿಂದಲೋ? ಏರಿಳಿತವನ್ನೇ ನಂಬಿದ್ದರೆ, ಭಾವನವರ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿ. ಈ ನಾಲ್ಕಕ್ಕೂ ಬರಹದಲ್ಲಿ ಉತ್ತರ ಕೊಡದವರಿಗೆ ನಾನಂತೂ ದುಡ್ಡು ಕೊಡುವುದಿಲ್ಲ.

ಮನೆಗೆ ಬಂದರೆ, ನಿಮ್ಮ ಮುಂದೆ ಮೂರು ದಾರಿ ಇವೆ. ಈಗಲೇ ಚಿಕ್ಕದನ್ನು ಹಾಕಿಸುವುದು ಒಂದು. 7ರಿಂದ 8 ಯೂನಿಟ್, ಮುಂದೆ ಇನ್ನೊಂದು ಪೆಟ್ಟಿಗೆ ಜೋಡಿಸಲು ಬರುವಂಥದ್ದು. 2023ರಿಂದ ಮನೆ ಸೋಲಾರ್‌ಗೆ ಜೋಡಿಸುವ ಬ್ಯಾಟರಿಗೆ ವ್ಯಾಟ್ ತೆರಿಗೆ ಇಲ್ಲ, ಕೊಟೇಶನ್‌ನಲ್ಲಿ ಶೇ. 19 ಸೇರಿಸಿದ್ದರೆ ತೆಗೆಸಿ. ಕೂಲಿ ಸೇರಿ 5,000 ಯೂರೋ ಸುತ್ತಮುತ್ತ ಸಿಕ್ಕರೆ, 1,700 ಯೂನಿಟ್‌ಗೆ 27 ಸೆಂಟ್‌ನಂತೆ ಹನ್ನೊಂದು ವರ್ಷದಲ್ಲಿ ಅಸಲು ಬರುತ್ತದೆ. ಲಾಟರಿ ಅಲ್ಲ, ಹಾಗಂತ ದಂಡವೂ ಅಲ್ಲ.

ಎರಡನೆಯದು ಕಾಯುವುದು. 2024 ಒಂದೇ ವರ್ಷದಲ್ಲಿ ಲಿಥಿಯಂ ಬ್ಯಾಟರಿ ಪ್ಯಾಕ್‌ಗಳ ಜಾಗತಿಕ ಸರಾಸರಿ ಬೆಲೆ ಶೇ. 20ರಷ್ಟು ಇಳಿದು ಯೂನಿಟ್‌ಗೆ 115 ಡಾಲರ್ ಆಯಿತು. ಆದರೆ ನಿಮ್ಮ ಬಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಕೂಲಿ, ಇನ್ವರ್ಟರ್, ಮೀಟರ್ ಬೋರ್ಡ್ ಬದಲಾವಣೆಯ ಪಾಲು ದೊಡ್ಡದು, ಅವು ಅಷ್ಟು ಬೇಗ ಇಳಿಯವು. ಕಾಯುವುದರಿಂದ ನಿಮಗೆ ನಷ್ಟವೂ ಇಲ್ಲ. "ಹೊಸ ಕಾನೂನು ಬಂದಿದೆ, ಬೇಗ ಹಾಕಿಸಿ" ಅಂತ ಏಜೆಂಟ್ ಹೆದರಿಸಬಹುದು. ಸಗಟು ಬೆಲೆ ಮೈನಸ್ ಇರುವಾಗ ದುಡ್ಡಿಲ್ಲ ಅನ್ನುವ ನಿಯಮ 2025ರ ಫೆಬ್ರುವರಿ 25ರಿಂದ ಬಂದದ್ದು ಹೊಸ ಸೋಲಾರ್‌ಗಳಿಗೆ. ನಿಮ್ಮ 2022ರ ಚಾವಣಿಗೆ 8.2 ಸೆಂಟ್ 20 ವರ್ಷ ಗಟ್ಟಿ.

ಮೂರನೆಯದು, ಹೊತ್ತುಹೊತ್ತಿಗೆ ಬದಲಾಗುವ ದರದ ಪ್ಲಾನ್. 2025ರಿಂದ ಎಲ್ಲ ವಿದ್ಯುತ್ ಮಾರಾಟಗಾರರೂ ಇದನ್ನು ಕೊಡಲೇಬೇಕು, ಆದರೆ ಸ್ಮಾರ್ಟ್ ಮೀಟರ್ ಬೇಕು. ಆಗ ಚಳಿಗಾಲದ ರಾತ್ರಿ ಗ್ರಿಡ್‌ನಿಂದಲೇ ಅಗ್ಗದಲ್ಲಿ ತುಂಬಿಸಿ ಸಂಜೆ ಬಳಸಬಹುದು, ನನ್ನ ಬ್ಯಾಟರಿಯ ಹಾಗೆ ಡಿಸೆಂಬರಿಡೀ ನಿದ್ದೆ ಹೊಡೆಯುವುದಿಲ್ಲ. ಡಿಸೆಂಬರ್ 12ರಂಥ ಸಂಜೆ ಬ್ಯಾಟರಿ ಖಾಲಿ ಇದ್ದು ಅಡುಗೆ ಒಲೆ, ಮನೆ ಬೆಚ್ಚಗಿಡುವ ಹೀಟ್ ಪಂಪ್ ಎರಡೂ ಓಡುತ್ತಿದ್ದರೆ ಬಿಲ್ ಕಚ್ಚುತ್ತದೆ ಅನ್ನುವುದು ಅದರ ಅಪಾಯ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಸ್ಮಾರ್ಟ್ ಮೀಟರ್‌ಗೆ ಅರ್ಜಿ ಹಾಕುತ್ತೇನೆ. ಅದು ಬರುವವರೆಗೆ ಒಂದು ಕೆಲಸ ಮಾಡಿ. ಒಂದು ವಾರ, ಸೂರ್ಯ ಮುಳುಗಿದಾಗ ಒಮ್ಮೆ, ಬೆಳಿಗ್ಗೆ ಎಂಟಕ್ಕೆ ಒಮ್ಮೆ ಮೀಟರ್ ಓದಿ ಬರೆದಿಡಿ. ಆ ಏಳು ರಾತ್ರಿಗಳ ಸರಾಸರಿಗೆ ಒಂದೆರಡು ಯೂನಿಟ್ ಸೇರಿಸಿ, ಅಷ್ಟು ಗಾತ್ರದ ಬ್ಯಾಟರಿಗೆ ಬೇರೆ ಬೇರೆ ಕಡೆಯಿಂದ ಮೂರು ಕೊಟೇಶನ್ ತರಿಸಿ. ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದ್ದೇ ಇರಲಿ, ಬೇಗ ಬಿಸಿಯೇರುವುದಿಲ್ಲ. ಕೆಲ್ಲರ್ ಗೋಡೆಯಲ್ಲಿ ತೇವ ಇದ್ದರೆ ಆ ಗೋಡೆ ಬೇಡ. ಎರ್ಸಾಟ್ಸ್‌ಶ್ಟ್ರೋಮ್ ಬೇಕೆನಿಸಿದರೆ ಅದರ ಬೆಲೆಯನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ, ಒಟ್ಟು ಮೊತ್ತದೊಳಗೆ ಸೇರಿಸಿಬಿಡಲು ಬಿಡಬೇಡಿ.